ಹ್ಯಾಕಥಾನ್: ಏನು ನಡೆಯುತ್ತದೆ, ಏನು ನಡೆಯುವುದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹ್ಯಾಕಥಾನ್ ಬಗ್ಗೆಯೇ ಇವೆ. ಹ್ಯಾಕಥಾನ್ ಎಂದರೆ ಒಂದೆರಡು ದಿನ ಕೂತು, ತಂಡವಾಗಿ ಹೊಸ ಆ್ಯಪ್ ಅಥವಾ ಸಾಫ್ಟ್‌ವೇರ್ ಕಟ್ಟುವ ಸ್ಪರ್ಧೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಕೆಲವು ವರ್ಷ ಸಂಘಟಕಿಯಾಗಿ ಓಡಾಡಿ, ಈಗ ತೀರ್ಪುಗಾರರ ಸಾಲಿನಲ್ಲಿ ಕೂರುವವಳು ನಾನು. ಉತ್ತರಗಳಲ್ಲಿ ಆ ಕಡೆಯ ವಾದ ಸ್ವಲ್ಪ ಜಾಸ್ತಿ ಕಂಡರೆ ಸಹಿಸಿಕೊಳ್ಳಿ. ಇನ್ನೊಂದು ಮಾತು: ಪ್ರತಿ ಹ್ಯಾಕಥಾನ್‌ಗೂ ಅದರದೇ ನಿಯಮಗಳಿರುತ್ತವೆ. ನಾನು ಹೇಳಿದ್ದು ಒಂದು, ಅಲ್ಲಿ ಬರೆದಿರುವುದು ಇನ್ನೊಂದು ಎಂದಾದರೆ ಅಲ್ಲಿ ಬರೆದಿರುವುದೇ ಸರಿ.

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ನಮ್ಮ ಮೊದಲ ಹ್ಯಾಕಥಾನ್. 24 ಗಂಟೆಯಲ್ಲಿ ಏನೂ ಮುಗಿಯಲ್ಲ ಎಂದು ಸೀನಿಯರ್‌ಗಳು ಹೆದರಿಸುತ್ತಿದ್ದಾರೆ. ಲಾಗಿನ್, ಡೇಟಾಬೇಸ್ ಎಲ್ಲ ಮೊದಲೇ ಬರೆದಿಟ್ಟುಕೊಂಡು ಹೋಗಿ, ಯಾರಿಗೂ ಗೊತ್ತಾಗಲ್ಲ ಅನ್ನುತ್ತಾರೆ. ಹಾಗೆ ಮಾಡಬಹುದಾ?

ಉತ್ತರ: ಗೊತ್ತಾಗುತ್ತದೆ. ನಾನಂತೂ ಮೊದಲು ತೆರೆದು ನೋಡುವುದೇ ಕಮಿಟ್ ಇತಿಹಾಸವನ್ನು. ಕೋಡನ್ನು ಬದಲಿಸಿದಾಗೆಲ್ಲ ಟಿಪ್ಪಣಿ ಸಮೇತ ಉಳಿಸಿಡುವ ದಾಖಲೆಯೇ ಕಮಿಟ್. ಅಲ್ಲೇ ಕೂತು ಬರೆದ ಕೋಡಿನಲ್ಲಿ ಸಣ್ಣ ಸಣ್ಣ ಕಮಿಟ್‌ಗಳಿರುತ್ತವೆ. 'ಬಟನ್ ಸರಿಯಾಯ್ತು', 'ಮತ್ತೆ ಕೆಟ್ಟಿತು', 'ಈಗ ನಿಜವಾಗಲೂ ಸರಿಯಾಯ್ತು' ಎಂದೆಲ್ಲ ಬರೆದುಕೊಂಡಿರುತ್ತಾರೆ. ಅದರ ಬದಲು, ಸ್ಪರ್ಧೆ ಶುರುವಾಗಿ ಹತ್ತು ನಿಮಿಷ ಆಗುವಷ್ಟರಲ್ಲಿ ಮೂರು ಸಾವಿರ ಸಾಲು ಒಂದೇ ಕಮಿಟ್‌ನಲ್ಲಿ ಬಂದು ಬಿದ್ದಿದ್ದರೆ ಯಾರಿಗೆ ಅನುಮಾನ ಬರುವುದಿಲ್ಲ ಹೇಳಿ? ಕಮಿಟ್‌ನ ದಿನಾಂಕ ತಿದ್ದಬಹುದು ಎಂದು ನಿಮ್ಮ ಸೀನಿಯರ್‌ಗಳು ಹೇಳಿಕೊಟ್ಟಿರಬಹುದು. ನಿಜ, ತಿದ್ದಬಹುದು. ಆದರೆ ರೆಪೊಸಿಟರಿ (ಪ್ರಾಜೆಕ್ಟಿನ ಕೋಡ್ ಇಡುವ ಜಾಗ) ಯಾವತ್ತು ಶುರುವಾಯಿತು ಎಂಬ ದಾಖಲೆ, ಕೋಡ್ ಇಡುವ ತಾಣವಾದ ಗಿಟ್‌ಹಬ್ ಹತ್ತಿರ ಇರುತ್ತದೆ. ಅದಕ್ಕೆ ನೀವು ಕೈಹಾಕಲಾಗುವುದಿಲ್ಲ.

ಸಿದ್ಧತೆಯೇ ಬೇಡ ಎಂದಲ್ಲ. ಏನು ಮಾಡಬೇಕು ಎಂದು ಯೋಚಿಸಿಕೊಂಡು ಬನ್ನಿ. ಪರದೆಗಳು ಹೇಗಿರಬೇಕು ಎಂದು ಕಾಗದದ ಮೇಲೆ ಗೀಚಿಕೊಳ್ಳಿ. ಬಳಸುವ ಫ್ರೇಮ್‌ವರ್ಕ್ (ಆ್ಯಪ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು) ಕಲಿತು, ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು, ಒಂದು ಸಲ ಓಡಿಸಿ ನೋಡಿ. ಬಹಳ ತಂಡಗಳ ಮೊದಲ ಎರಡು ಗಂಟೆ ಸುಮ್ನೆ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡುವುದರಲ್ಲೇ ಕಳೆದುಹೋಗುತ್ತದೆ. ಅಷ್ಟೂ ಜನ ಒಂದೇ ವೈಫೈ ಎಳೆಯುತ್ತಿರುತ್ತಾರೆ ಅಲ್ವಾ? ಯಾರು ಬೇಕಾದರೂ ಬಳಸಬಹುದಾದ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಧಾರಾಳವಾಗಿ ತನ್ನಿ. ಲಾಗಿನ್ ಪುಟ ನೀವು ಬರೆಯುವುದೇ ಬೇಡ, ಅದಕ್ಕೆ ಸಿದ್ಧ ಲೈಬ್ರರಿಗಳು ಬೇಕಾದಷ್ಟಿವೆ.

ವಿದ್ಯಾರ್ಥಿ ಹ್ಯಾಕಥಾನ್‌ಗಳ ಜೊತೆ 2013ರಿಂದ ಕೆಲಸ ಮಾಡುತ್ತಿರುವ ಮೇಜರ್ ಲೀಗ್ ಹ್ಯಾಕಿಂಗ್ ಎಂಬ ಸಂಸ್ಥೆ ಇದೆ. ಅದರ ನಿಯಮಗಳನ್ನೇ ಬಹಳ ಕಡೆ ಹಾಗೇ ಎತ್ತಿಕೊಳ್ಳುತ್ತಾರೆ. ನಿಮ್ಮ ಸೀನಿಯರ್‌ಗಳಿಗೆ ಹೊಳೆಯಬಹುದಾದ ಇನ್ನೊಂದು ದಾರಿಯನ್ನೂ ಅದು ಮೊದಲೇ ಮುಚ್ಚಿದೆ: ಸ್ಪರ್ಧೆಯಲ್ಲಿ ಬಳಸುವುದಕ್ಕೆಂದೇ ಮುಂಚೆ ಕೋಡ್ ಬರೆದು, ಅದನ್ನು 'ಓಪನ್ ಸೋರ್ಸ್' (ಎಲ್ಲರಿಗೂ ತೆರೆದಿಟ್ಟ ಕೋಡ್) ಎಂದು ಹೊರಗೆ ಹಾಕಿ, ಆಮೇಲೆ ತಂದುಕೊಳ್ಳುವುದು ನಿಯಮದ ಆಶಯಕ್ಕೆ ವಿರುದ್ಧ. ಹಳೇ ಪ್ರಾಜೆಕ್ಟಿಗೆ ಹೊಸ ಸೌಲಭ್ಯ ಸೇರಿಸಲು ಅದು ಒಪ್ಪುತ್ತದೆ. ಆದರೆ ಅಂಕ ಹೊಸದಕ್ಕೆ ಮಾತ್ರ.

ನಿಯಮ ಸಡಿಲವಾಗಿದ್ದರೆ ಏನಾಗುತ್ತದೆ ಎಂಬುದಕ್ಕೂ ಒಂದು ಕತೆ ಇದೆ. 2013ರ ನವೆಂಬರ್‌ನಲ್ಲಿ ಸೇಲ್ಸ್‌ಫೋರ್ಸ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 10 ಲಕ್ಷ ಡಾಲರ್ ಬಹುಮಾನದ ಹ್ಯಾಕಥಾನ್ ನಡೆಸಿತು. ಗೆದ್ದ ತಂಡ ಅದೇ ಆ್ಯಪನ್ನು ಸ್ಪರ್ಧೆಗೆ ಮುಂಚೆಯೇ ಬೇರೆ ಕಡೆ ತೋರಿಸಿತ್ತು ಎಂದು ಗಲಾಟೆ ಎದ್ದಿತು. ಕಂಪನಿ ಪರಿಶೀಲಿಸಿ, ತಂಡ ನಿಯಮ ಮುರಿದಿಲ್ಲ ಎಂದಿತು. ಹಾಗೆಂದ ಮೇಲೂ ಎರಡನೇ ಸ್ಥಾನದ ತಂಡವನ್ನು ಸಮಬಲ ಎಂದು ಘೋಷಿಸಿ, ಅದಕ್ಕೂ 10 ಲಕ್ಷ ಡಾಲರ್ ಕೊಟ್ಟಿತು. ಎಷ್ಟು ಹಳೇ ಕೋಡ್ ನಡೆಯುತ್ತದೆ ಎಂದು ಖಡಾಖಂಡಿತ ಬರೆದಿದ್ದರೆ ಅಷ್ಟು ದುಡ್ಡು ಉಳಿಯುತ್ತಿತ್ತೋ ಏನೋ. ನಿಮಗೂ ಅನುಮಾನ ಇದ್ದರೆ ಸಂಘಟಕರಿಗೆ ಮೊದಲೇ ಮೇಲ್ ಬರೆದು, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ತಂಡಕ್ಕೆ ನಾಲ್ಕೇ ಜನ ಎಂದು ನಿಯಮವಿದೆ. ಐದನೆಯ ಗೆಳೆಯ ಮನೆಯಲ್ಲೇ ಕೂತು ಸ್ವಲ್ಪ ಕೋಡ್ ಬರೆದುಕೊಟ್ಟರೆ?

ಉತ್ತರ: ಅವನು ಐದನೆಯವನೇ ಆದ. ಮೆಂಟರ್‌ಗಳ, ಅಂದರೆ ಮಾರ್ಗದರ್ಶಕರ, ಹತ್ತಿರ ಸಲಹೆ ಕೇಳಬಹುದು, ಪಕ್ಕದ ತಂಡದವರನ್ನೂ ಕೇಳಬಹುದು, ಬಹಳ ಜನ ಖುಷಿಯಿಂದಲೇ ಹೇಳಿಕೊಡುತ್ತಾರೆ. ಆದರೆ ಕೋಡ್ ಬರೆಯುವವರು ನೋಂದಣಿಯಲ್ಲಿ ಹೆಸರಿರುವವರೇ ಆಗಿರಬೇಕು.

ಪ್ರಶ್ನೆ: ಎಐ ಕೈಯಲ್ಲಿ ಕೋಡ್ ಬರೆಸಿದರೆ ಮೋಸವಾಗುತ್ತದಾ? ಈಗ ಎಲ್ಲರೂ ಅದನ್ನೇ ಮಾಡುತ್ತಿದ್ದಾರಲ್ಲ?

ಉತ್ತರ: ಎಲ್ಲರೂ ಮಾಡುತ್ತಾರೆ ಎಂಬ ವಾದ ಪರೀಕ್ಷಾ ಹಾಲಿನಲ್ಲೂ ಕೇಳಿಬರುತ್ತದೆ, ಅದನ್ನು ಬಿಡೋಣ. ಕೆಲವು ಕಡೆ ಎಐಗೆ ಪೂರ್ತಿ ಅವಕಾಶವಿದೆ. ಕೆಲವು ಕಡೆ ಬಳಸಿದ್ದನ್ನು ತಿಳಿಸಬೇಕು ಎನ್ನುತ್ತಾರೆ. ಕಲಿಕೆಗೆಂದೇ ನಡೆಸುವ ಸಣ್ಣ ಸ್ಪರ್ಧೆಗಳಲ್ಲಿ ಬೇಡ ಎನ್ನುವವರೂ ಇದ್ದಾರೆ. ನಿಯಮದಲ್ಲಿ ಏನೂ ಬರೆದಿಲ್ಲ ಎಂದರೆ ಕೇಳಿ ತಿಳಿದುಕೊಳ್ಳಿ. ಕೇಳಲು ಸಮಯವಿಲ್ಲದಿದ್ದರೆ ಬಳಸಿ, ಆದರೆ ಕೋಡಿನ ಜೊತೆ ವಿವರಣೆಗೆಂದು ಇಡುವ ರೀಡ್‌ಮಿ ಫೈಲಿನಲ್ಲಿ ಎರಡು ಸಾಲು ಬರೆಯಿರಿ: ಯಾವ ಟೂಲ್, ಯಾವ ಕೆಲಸಕ್ಕೆ. 'ಪರದೆಯ ವಿನ್ಯಾಸದ ಕೋಡ್ ಎಐನಿಂದ ಬರೆಸಿದ್ದು, ದಾರಿ ಹುಡುಕುವ ಲೆಕ್ಕ ನಾವೇ ಬರೆದದ್ದು' ಎಂದರೆ ಸಾಕು. ಹಾಗೆ ಬರೆದ ತಂಡಕ್ಕೆ ಆ ಕಾರಣಕ್ಕೆ ನಾನು ಅಂಕ ಕಡಿಮೆ ಮಾಡುವುದಿಲ್ಲ.

ನನಗೆ ಕಿರಿಕಿರಿಯಾಗುವುದು ಬೇರೆ ವಿಷಯಕ್ಕೆ. ಒಂದು ಫೈಲ್ ತೆರೆದು 'ಈ ಫಂಕ್ಷನ್ ಏನು ಮಾಡುತ್ತದೆ?' ಎಂದು ಕೇಳಿದರೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾರಲ್ಲ, ಅದು. ನಿಮ್ಮ ತಂಡದಲ್ಲಿ ಒಬ್ಬರಿಗೂ ವಿವರಿಸಲು ಬಾರದ ಕೋಡನ್ನು ಸೇರಿಸಬೇಡಿ. ಆಮೇಲೆ ಇನ್ನೊಂದು. ಸ್ಪಾನ್ಸರ್ ಕಂಪನಿ ಕೊಟ್ಟ ಡೇಟಾ ಹೊರಗೆ ಹೋಗಬಾರದು ಎಂಬ ಷರತ್ತು ಇದ್ದರೆ, ಅದನ್ನು ಎಐ ಚಾಟ್‌ಗೆ ಅಂಟಿಸುವುದೂ ಹೊರಗೆ ಕಳಿಸಿದಂತೆಯೇ. ಇದನ್ನು ಜನ ಸುಲಭವಾಗಿ ಮರೆಯುತ್ತಾರೆ.

ಪ್ರಶ್ನೆ: ಗಿಟ್‌ಹಬ್‌ನಲ್ಲಿ ಇರುವ ಕೋಡ್ ಎಲ್ಲರಿಗೂ ಉಚಿತ ತಾನೇ?

ಉತ್ತರ: ಅಲ್ಲ. ಎಲ್ಲರಿಗೂ ಕಾಣುತ್ತದೆ, ಅಷ್ಟೇ. ಲೈಸೆನ್ಸ್, ಅಂದರೆ ಬಳಸಲು ಬರೆದವರು ಕೊಡುವ ಅನುಮತಿ, ಹಾಕಿಲ್ಲದಿದ್ದರೆ ಹಕ್ಕು ಪೂರ್ತಿ ಬರೆದವರದೇ. ಎಂಐಟಿ ಎಂಬ ಲೈಸೆನ್ಸ್ ಇದ್ದರೆ ಬಳಸಿ, ಆದರೆ ಮೂಲದವರ ಹಕ್ಕುಸ್ವಾಮ್ಯದ ಸಾಲು ಮತ್ತು ಲೈಸೆನ್ಸ್ ಪಠ್ಯ ಜೊತೆಯಲ್ಲೇ ಇರಬೇಕು. ಜಿಪಿಎಲ್ ಎಂಬ ಲೈಸೆನ್ಸ್ ಇದ್ದರೆ, ಆ ಕೋಡ್ ಸೇರಿಸಿ ಮಾಡಿದ್ದನ್ನು ಬೇರೆಯವರಿಗೆ ಹಂಚುವಾಗ ನಿಮ್ಮದನ್ನೂ ಅದೇ ಷರತ್ತಿನ ಮೇಲೆ ತೆರೆದಿಡಬೇಕು. ಚಿತ್ರ, ಸಂಗೀತ, ಅಕ್ಷರವಿನ್ಯಾಸಕ್ಕೂ ಇದೇ ಮಾತು. ಕೋಡಿನಲ್ಲಿ ಬಹಳ ಶಿಸ್ತಾಗಿರುವ ತಂಡವೂ ಡೆಮೊ ವಿಡಿಯೊಗೆ ಯಾವುದೋ ಸಿನಿಮಾದ ಹಿನ್ನೆಲೆ ಸಂಗೀತ ಹಾಕಿಬಿಡುತ್ತದೆ!

ಪ್ರಶ್ನೆ: ನಮ್ಮ ಐಡಿಯಾವನ್ನು ಪಕ್ಕದ ಟೇಬಲ್‌ನವರು ಕದ್ದರು.

ಉತ್ತರ: ಬೇಸರ ಅರ್ಥವಾಗುತ್ತದೆ. ಆದರೆ ಹಕ್ಕುಸ್ವಾಮ್ಯ ಕೋಡಿಗೆ ಇದೆ, ಐಡಿಯಾಕ್ಕೆ ಇಲ್ಲ. ಒಂದೇ ವಿಷಯ ಕೊಟ್ಟಾಗ ಹತ್ತು ತಂಡಕ್ಕೆ ಒಂದೇ ಯೋಚನೆ ಬರುವುದು ಮಾಮೂಲು. ಅವರು ನಿಮ್ಮ ಕೋಡನ್ನೇ ನಕಲು ಮಾಡಿದ್ದರೆ ಮಾತ್ರ ದೂರು ಕೊಡಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿ.

ಪ್ರಶ್ನೆ: ನಮ್ಮ ತಂಡದ ಒಬ್ಬ ಮೊದಲ ರಾತ್ರಿ ಮಲಗಲು ಹೋದವನು ಮಾರನೇ ದಿನ ಡೆಮೊ ಹೊತ್ತಿಗೆ ಬಂದ. ನಾವು ಮೂರನೇ ಸ್ಥಾನ ಗೆದ್ದೆವು. ಅವನಿಗೆ ಪಾಲು ಕೊಡಬೇಕಾ?

ಉತ್ತರ: ಸಲ್ಲಿಸುವಾಗ ಅವನ ಹೆಸರು ಇತ್ತಾ? ಇದ್ದರೆ ಕೊಡಬೇಕು. ಮನಸ್ಸು ಒಪ್ಪದೆ ಇರಬಹುದು, ಆದರೂ ಕೊಡಬೇಕು. ಬಹುಮಾನ ಹೋಗುವುದು ತಂಡಕ್ಕೆ. ಬೇರೆ ಮಾತಾಗಿಲ್ಲದಿದ್ದರೆ ಸಮಪಾಲು ಎಂದೇ ಎಲ್ಲರೂ ತಿಳಿದುಕೊಳ್ಳುತ್ತಾರೆ. ಗೆದ್ದ ಮೇಲೆ ಲೆಕ್ಕ ಬದಲಿಸಲು ಹೊರಟರೆ ಅವನಿಗಿಂತ ನೀವೇ ಕೆಟ್ಟವರಾಗುತ್ತೀರಿ.

ಇದನ್ನು ಸರಿಮಾಡುವ ಹೊತ್ತು ಆ ರಾತ್ರಿಯೇ ಇತ್ತು. ಫೋನ್ ಮಾಡಬೇಕಿತ್ತು. ಬರದಿದ್ದರೆ ಸಲ್ಲಿಸುವ ಮುಂಚೆ ಸಂಘಟಕರಿಗೆ ತಿಳಿಸಬೇಕಿತ್ತು. ಅವರೇ ಅವನನ್ನು ಕೇಳಿ ಹೆಸರು ತೆಗೆಯುತ್ತಾರೆ, ಅಥವಾ ಬೇಡ ಎನ್ನುತ್ತಾರೆ. ನೀವೇ ಸದ್ದಿಲ್ಲದೆ ಹೆಸರು ಅಳಿಸುವುದು ತಪ್ಪು. ಅವನಿಗೆ ಹುಷಾರಿಲ್ಲದೆ ಇದ್ದಿರಬಹುದು, ಮನೆಯಲ್ಲಿ ಏನೋ ಆಗಿರಬಹುದು. ಪತ್ರದಲ್ಲಿ ಆ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಕೇಳಿದ್ದೀರಾ?

ಮುಂದಿನ ಸಲ ಶುರುವಿನ ಅರ್ಧ ಗಂಟೆಯಲ್ಲಿ ಮೂರು ವಿಷಯ ತಂಡದ ವಾಟ್ಸಾಪ್ ಗುಂಪಿನಲ್ಲಿ ಬರೆದುಹಾಕಿ: ಯಾರು ಏನು ಮಾಡುತ್ತಾರೆ, ಬಹುಮಾನ ಬಂದರೆ ಹೇಗೆ ಹಂಚಿಕೊಳ್ಳುವುದು, ಸ್ಪರ್ಧೆ ಮುಗಿದ ಮೇಲೆ ಪ್ರಾಜೆಕ್ಟ್ ಮುಂದುವರಿಸುವ ಹಕ್ಕು ಯಾರಿಗೆ. ಮೂರನೆಯದು ಈಗ ತಮಾಷೆ ಅನ್ನಿಸಬಹುದು. 2010ರಲ್ಲಿ ಟೆಕ್‌ಕ್ರಂಚ್ ಎಂಬ ತಂತ್ರಜ್ಞಾನ ಸುದ್ದಿತಾಣದ ಹ್ಯಾಕಥಾನ್‌ನಲ್ಲಿ ಹುಟ್ಟಿದ ಗ್ರೂಪ್‌ಮಿ ಎಂಬ ಚಾಟ್ ಆ್ಯಪನ್ನು ಮಾರನೇ ವರ್ಷವೇ ಸ್ಕೈಪ್ ಕೊಂಡುಕೊಂಡಿತು.

ಪ್ರಶ್ನೆ: ಹುಡುಗಿಯರ ಫೋಟೋಗೆ ಅಂಕ ಕೊಡುವ ಆ್ಯಪ್ ಮಾಡೋಣ ಎಂದುಕೊಂಡಿದ್ದೇವೆ. ಬರೀ ತಮಾಷೆಗೆ. ನಿಯಮದಲ್ಲಿ ಬೇಡ ಎಂದು ಎಲ್ಲೂ ಬರೆದಿಲ್ಲ.

ಉತ್ತರ: ಬರೆದಿರುತ್ತದೆ, ನೀವು ನಡವಳಿಕೆ ಸಂಹಿತೆ ಓದಿಲ್ಲ. ಅದು ಮಾತಿಗೆ ಮಾತ್ರ ಅಲ್ಲ, ಪ್ರಾಜೆಕ್ಟಿಗೂ ಅನ್ವಯಿಸುತ್ತದೆ. 2013ರ ಸೆಪ್ಟೆಂಬರ್‌ನಲ್ಲಿ ಟೆಕ್‌ಕ್ರಂಚ್ ಡಿಸ್ರಪ್ಟ್ ಹ್ಯಾಕಥಾನ್‌ನ ವೇದಿಕೆಯಲ್ಲಿ ಹೆಣ್ಣುಮಕ್ಕಳನ್ನು ಕೀಳಾಗಿ ಕಾಣುವ ಒಂದು ಆ್ಯಪನ್ನು ಇಬ್ಬರು ತಮಾಷೆಗೆಂದೇ ತೋರಿಸಿದರು. ಸಭೆಯಲ್ಲಿ ಮಕ್ಕಳೂ ಇದ್ದರು. ಸಂಘಟಕರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ನಿಮ್ಮದನ್ನು ನಾನು ವೇದಿಕೆಗೇ ಹತ್ತಿಸುವುದಿಲ್ಲ. ಬೇರೆ ಯೋಚನೆ ಮಾಡಿ.

ಪ್ರಶ್ನೆ: ಮೇಡಂ, ಕಳೆದ ಹ್ಯಾಕಥಾನ್‌ನಲ್ಲಿ ಒಬ್ಬ ಮೆಂಟರ್ ಪದೇ ಪದೇ ನನ್ನ ಪಕ್ಕವೇ ಬಂದು ಕೂರುತ್ತಿದ್ದರು. ಎರಡು ಸಲ ನಂಬರ್ ಕೇಳಿದರು. ಕೊಡಲ್ಲ ಎಂದ ಮೇಲೆ 'ಜಡ್ಜ್‌ಗಳು ನನಗೆ ಪರಿಚಯ' ಎಂದರು. ಕೈ ಮುಟ್ಟಿಲ್ಲ, ಬೈದಿಲ್ಲ. ಇದನ್ನು ದೂರು ಎನ್ನಬಹುದಾ? ತಂಡಕ್ಕೆ ತೊಂದರೆಯಾಗುತ್ತದೆ ಎಂದು ಸುಮ್ಮನಿದ್ದೆ.

ಉತ್ತರ: ಖಂಡಿತ ದೂರು. ಒಂದು ಸಲ ಬೇಡ ಎಂದಮೇಲೆ ಎರಡನೇ ಸಲ ಕೇಳಿದ್ದೇ ಸಾಕು. ಜಡ್ಜ್ ಪರಿಚಯ ಎಂದದ್ದು ಇನ್ನೂ ಕೆಟ್ಟದ್ದು, ಅದು ಬೆದರಿಕೆ. ಕಿರುಕುಳ ಎನ್ನಲು ಮೈಮುಟ್ಟಲೇಬೇಕಿಲ್ಲ.

ನಡವಳಿಕೆ ಸಂಹಿತೆ ಸ್ಪರ್ಧಿಗಳಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೆಂಟರ್, ತೀರ್ಪುಗಾರರು, ಸ್ಪಾನ್ಸರ್ ಕಡೆಯವರು, ಸ್ವಯಂಸೇವಕರು, ಸಂಘಟಕರು ಎಲ್ಲರೂ ಅದರೊಳಗೇ ಬರುತ್ತಾರೆ. ದೊಡ್ಡ ಚೆಕ್ ಕೊಟ್ಟ ಕಂಪನಿಯ ಮನುಷ್ಯನೂ ಸೇರಿ. ಸಭಾಂಗಣದಲ್ಲಿ ಮಾತ್ರವಲ್ಲ, ಅದೇ ಕಾರ್ಯಕ್ರಮದ ಡಿಸ್ಕಾರ್ಡ್, ವಾಟ್ಸಾಪ್ ಗುಂಪುಗಳಲ್ಲೂ ಅದೇ ನಿಯಮ.

ಈಗಲೂ ತಡವಾಗಿಲ್ಲ. ನೆನಪಿರುವಷ್ಟನ್ನು ಬರೆದಿಡಿ: ಯಾವ ದಿನ, ಸುಮಾರು ಎಷ್ಟು ಹೊತ್ತಿಗೆ, ಏನೆಂದರು, ಹತ್ತಿರ ಯಾರಿದ್ದರು. ಮೆಸೇಜ್ ಇದ್ದರೆ ಅಳಿಸಬೇಡಿ. ಸಂಹಿತೆಯ ಕೊನೆಯಲ್ಲಿ ದೂರು ಕೊಡಬೇಕಾದವರ ಹೆಸರು, ನಂಬರ್ ಇರಬೇಕು. ಅವರಿಗೆ ಕಳಿಸಿ. ಆ ಮೆಂಟರ್ ಅವರದೇ ಗೆಳೆಯ ಅನ್ನಿಸಿದರೆ ಕಾರ್ಯಕ್ರಮ ನಡೆದ ಕಾಲೇಜಿಗೋ ಕಂಪನಿಗೋ ನೇರ ಬರೆಯಿರಿ. ಸಾಕ್ಷಿ ಸಾಲದು ಎಂದು ಹಿಂಜರಿಯಬೇಡಿ, ವಿಚಾರಿಸುವುದು ಅವರ ಕೆಲಸ. ನಾನು ಸಂಘಟಕಿಯಾಗಿದ್ದಾಗ ಇಂಥ ದೂರು ಬಂದರೆ ಮೊದಲು ಆ ಮನುಷ್ಯನನ್ನು ಸಭಾಂಗಣದಿಂದ ಹೊರಗೆ ಕರೆಯುತ್ತಿದ್ದೆ, ಆಮೇಲೆ ಮಾತು. ದೂರು ಕೊಟ್ಟವಳನ್ನು ಬೇರೆ ಟೇಬಲ್‌ಗೆ ಕಳಿಸುವ ಪದ್ಧತಿ ಕೆಲವರಿಗಿದೆ. ಅದು ತಲೆಕೆಳಗು.

ಇನ್ನು ಅಂಕದ ಭಯ. ಮೆಂಟರ್‌ಗಳಿಗೆ ಅಂಕದ ಹಾಳೆ ಮುಟ್ಟುವ ಅಧಿಕಾರ ಇರಬಾರದು. ಇದೆ ಎಂದು ಅನುಮಾನ ಬಂದರೆ ದೂರಿನಲ್ಲಿ ಅದನ್ನೂ ಸೇರಿಸಿ.

ಪ್ರಶ್ನೆ: ನಾನು ಸೈಬರ್ ಸೆಕ್ಯುರಿಟಿ ವಿದ್ಯಾರ್ಥಿ. ಹ್ಯಾಕಥಾನ್‌ನ ವೈಫೈ ಎಷ್ಟು ಭದ್ರ ಎಂದು ಪರೀಕ್ಷಿಸಬಹುದಾ? ಹೆಸರಲ್ಲೇ ಹ್ಯಾಕ್ ಇದೆಯಲ್ಲ!

ಉತ್ತರ: ಬೇಡ. ಲಿಖಿತ ಅನುಮತಿ ಇಲ್ಲದೆ ಬೇರೆಯವರ ನೆಟ್‌ವರ್ಕ್ ಕೆದಕುವುದು ಸ್ಪರ್ಧೆಯಿಂದ ಹೊರಹಾಕುವಂಥ ತಪ್ಪು, ಎಷ್ಟೋ ಕಡೆ ಕಾನೂನಿನ ಪ್ರಕಾರ ಅಪರಾಧ ಕೂಡ.

ಪ್ರಶ್ನೆ: ಡೆಮೊಗೆ ಒಂದು ಗಂಟೆ ಇದ್ದಾಗ ನಮ್ಮ ಮುಖ್ಯ ಭಾಗವೇ ಕೆಲಸ ಮಾಡುತ್ತಿರಲಿಲ್ಲ. ಉತ್ತರವನ್ನು ಕೋಡಿನಲ್ಲೇ ಬರೆದು ತೋರಿಸಿಬಿಟ್ಟೆವು. ಎಲ್ಲರೂ ಹಾಗೇ ಮಾಡುತ್ತಾರಂತೆ. ತಪ್ಪಾ?

ಉತ್ತರ: ತೋರಿಸಿದ್ದು ತಪ್ಪಲ್ಲ. ಏನೆಂದು ಹೇಳಿ ತೋರಿಸಿದಿರಿ ಎಂಬುದರ ಮೇಲೆ ನಿಂತಿದೆ. 'ಈ ಪರದೆ ಪೂರ್ತಿ ಕೆಲಸ ಮಾಡುತ್ತದೆ. ಮುಂದಿನದರಲ್ಲಿ ಕಾಣುವ ಅಂಕಿಗಳು ನಾವೇ ತುಂಬಿದ್ದು, ಎಐ ಮಾಡೆಲ್ ಇನ್ನೂ ಸೇರಿಸಿಲ್ಲ' ಎಂದರೆ ಅದು ಪ್ರಾಮಾಣಿಕ ಡೆಮೊ. ಅದೇ ಪರದೆ ತೋರಿಸಿ 'ನಮ್ಮ ಎಐ ಈಗ ತಾನೇ ಲೆಕ್ಕ ಹಾಕಿತು' ಎಂದರೆ ಸುಳ್ಳು.

ಎಲೆ ನೋಡಿ ಗಿಡದ ರೋಗ ಹೇಳುತ್ತೇವೆ ಎಂದು ಒಂದು ತಂಡ ಬಂದಿತ್ತು. ಮಾತು ಚೆನ್ನಾಗಿತ್ತು, ಪರದೆ ಇನ್ನೂ ಚೆನ್ನಾಗಿತ್ತು. ನಾನು ಮೂರು ಬೇರೆ ಬೇರೆ ಚಿತ್ರ ಕೊಟ್ಟೆ. ಮೂರಕ್ಕೂ ಅದೇ ರೋಗ, ಅದೇ 94.2% ಖಚಿತತೆ. ನಾಲ್ಕನೆಯದಾಗಿ ಖಾಲಿ ಗೋಡೆಯ ಫೋಟೋ ಕೊಟ್ಟೆ. ಗೋಡೆಗೂ ಎಲೆಚುಕ್ಕೆ ರೋಗ, 94.2%. ಹಾಲಿನಲ್ಲಿದ್ದವರು ನಕ್ಕರು, ಆ ಹುಡುಗರು ನಗಲಿಲ್ಲ. ಅದೇ ದಿನ ಇನ್ನೊಂದು ತಂಡದವರು 'ನಮ್ಮ ಮಾಡೆಲ್ ಹತ್ತರಲ್ಲಿ ನಾಲ್ಕು ಸಲ ತಪ್ಪುತ್ತದೆ, ಯಾಕೆಂದರೆ ಕತ್ತಲೆಯ ಫೋಟೋಗಳು ನಮ್ಮ ಹತ್ತಿರ ಇರಲಿಲ್ಲ' ಎಂದರು. ನಾನು ಅವರಿಗೆ ಜಾಸ್ತಿ ಅಂಕ ಕೊಟ್ಟೆ. ಎಲ್ಲಿ, ಯಾಕೆ ತಪ್ಪುತ್ತದೆ ಎಂದು ಗೊತ್ತಿದೆ ಎಂದರೆ ಅವರು ನಿಜವಾಗಿಯೂ ಕೂತು ಪರೀಕ್ಷೆ ಮಾಡಿದ್ದಾರೆ.

ಮೊದಲೇ ರೆಕಾರ್ಡ್ ಮಾಡಿದ ವಿಡಿಯೊ ಕೂಡ ನಡೆಯುತ್ತದೆ, ನಿಯಮ ಬೇಡ ಎನ್ನದಿದ್ದರೆ. ನೆಟ್ ಕೈಕೊಡುವುದು ಯಾವಾಗಲೂ ಡೆಮೊ ಹೊತ್ತಿಗೇ. ವಿಡಿಯೊ ಎಂದು ಹೇಳಿ ಹಾಕಿ. ಪೂರ್ತಿ ಕೆಟ್ಟಿದ್ದರೂ ವೇದಿಕೆಗೆ ಬನ್ನಿ. ಮೇಜರ್ ಲೀಗ್ ಹ್ಯಾಕಿಂಗ್‌ನವರು ಅರ್ಧ ಆದದ್ದನ್ನೂ ತೋರಿಸಿ ಎಂದೇ ಹುರಿದುಂಬಿಸುತ್ತಾರೆ.

ಪ್ರಶ್ನೆ: ಸಮಯ ಮುಗಿದ ಮೇಲೆ ಸಣ್ಣ ತಪ್ಪು ತಿದ್ದಬಹುದಾ?

ಉತ್ತರ: ಆ್ಯಪ್ ತೆರೆದುಕೊಳ್ಳುತ್ತಿಲ್ಲ, ಒಂದು ಸಾಲು ಬದಲಿಸಿದರೆ ತೆರೆಯುತ್ತದೆ ಎಂದರೆ ಕೆಲವರು ಬಿಡುತ್ತಾರೆ. ಹೊಸ ಬಟನ್ ಸೇರಿಸುವುದಕ್ಕೆ ಯಾರೂ ಬಿಡುವುದಿಲ್ಲ. ಕೇಳಿ ಮಾಡಿ. ಕೊನೆಯ ಕ್ಷಣದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ: ಬಹಳ ಜನ ಗಡಿಬಿಡಿಯಲ್ಲಿ ಎಪಿಐ ಕೀ (ಬೇರೆ ಸೇವೆಯನ್ನು ಬಳಸಲು ಕೊಡುವ ಗುಪ್ತ ಸಂಕೇತ) ಸಮೇತ ಕೋಡನ್ನು ಗಿಟ್‌ಹಬ್‌ಗೆ ಹಾಕಿಬಿಡುತ್ತಾರೆ. ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಳೆಯದರಲ್ಲಿ ಅದು ಹಾಗೇ ಉಳಿದಿರುತ್ತದೆ. ಅಂಥ ಕೀ ಹುಡುಕುವುದಕ್ಕೆಂದೇ ಬಾಟ್‌ಗಳು (ತಾವಾಗಿಯೇ ಓಡುವ ಪ್ರೋಗ್ರಾಂಗಳು) ಸುತ್ತುತ್ತಿರುತ್ತವೆ. ಕೀಯನ್ನೇ ರದ್ದು ಮಾಡಿ ಹೊಸದು ಪಡೆಯಿರಿ. ಸ್ಪಾನ್ಸರ್ ಕೊಟ್ಟ ಕೀ ಆಗಿದ್ದರೆ ಅವರಿಗೆ ಕೂಡಲೇ ತಿಳಿಸಿ.

ಪ್ರಶ್ನೆ: ಗೆದ್ದರೆ ನಮ್ಮ ಕೋಡ್ ಸ್ಪಾನ್ಸರ್ ಕಂಪನಿಯದಾಗುತ್ತದಾ?

ಉತ್ತರ: ಸಾಮಾನ್ಯವಾಗಿ ಇಲ್ಲ, ನಿಮ್ಮದೇ. ಆದರೆ ಕಂಪನಿಗಳೇ ನಡೆಸುವ ಸ್ಪರ್ಧೆಯ ಷರತ್ತುಗಳನ್ನು ಕಣ್ಣುಬಿಟ್ಟು ಓದಿ. ಬಳಸಲು, ಪ್ರಚಾರಕ್ಕೆ ತೋರಿಸಲು ಅನುಮತಿ ಕೇಳಿದ್ದರೆ ಅದು ಮಾಮೂಲು. ಹಕ್ಕನ್ನೇ ವರ್ಗಾಯಿಸುತ್ತೇವೆ ಎಂದು ಇದ್ದರೆ, ಅದೂ ಗೆಲ್ಲದವರ ಕೆಲಸಕ್ಕೂ ಸೇರಿಸಿ ಇದ್ದರೆ, ನಾನಾಗಿದ್ದರೆ ಹೋಗುತ್ತಿರಲಿಲ್ಲ. ಈಗಾಗಲೇ ಕೆಲಸದಲ್ಲಿರುವವರು ನೇಮಕಾತಿ ಕರಾರನ್ನೂ ನೋಡಿಕೊಳ್ಳಿ, ಬಿಡುವಿನಲ್ಲಿ ಬರೆದ ಕೋಡೂ ತನ್ನದು ಎನ್ನುವ ಕಂಪನಿಗಳಿವೆ. ಪೇಟೆಂಟ್ ಯೋಚನೆ ಇದ್ದರೆ ವೇದಿಕೆ ಹತ್ತುವ ಮುಂಚೆ ವಕೀಲರನ್ನು ಕೇಳಿ. ಎಲ್ಲರೆದುರು ತೋರಿಸಿದ ಮೇಲೆ ಬಹಳ ದೇಶಗಳಲ್ಲಿ ಅದು ಹೊಸದು ಎನ್ನಿಸಿಕೊಳ್ಳುವುದಿಲ್ಲ.

ಪ್ರಶ್ನೆ: ತೀರ್ಪುಗಾರರಲ್ಲಿ ಒಬ್ಬರು ನಮ್ಮ ಮೇಷ್ಟ್ರು. ಹೇಳಬೇಕಾ?

ಉತ್ತರ: ನೀವೂ ಹೇಳಿ, ಅವರೂ ಹೇಳಲಿ. ನಿಮ್ಮ ತಂಡಕ್ಕೆ ಅವರು ಅಂಕ ಹಾಕುವುದಿಲ್ಲ, ಅಷ್ಟೇ. ಗೆದ್ದ ಮೇಲೆ ಹೊರಬಿದ್ದರೆ ಇಬ್ಬರ ಹೆಸರೂ ಕೆಡುತ್ತದೆ.

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. 36 ಗಂಟೆ ನಿದ್ದೆಗೆಟ್ಟು ಕೂರುತ್ತೇನೆ ಎನ್ನುತ್ತಾನೆ. ಕಳಿಸಲಾ?

ಉತ್ತರ: ಕಳಿಸಿ, ಆದರೆ ನಾಲ್ಕು ಮಾತು ಕೇಳಿಕೊಂಡು. 18ರ ಒಳಗಿನವರಿಗೆ ಪ್ರವೇಶವಿದೆಯಾ, ಪೋಷಕರ ಸಹಿ ಬೇಕಾ, ರಾತ್ರಿ ಜವಾಬ್ದಾರಿ ಯಾರದು, ಮಲಗಲು ಬೇರೆ ಕೋಣೆ ಇದೆಯಾ? ನೆಟ್ಟಗೆ ಉತ್ತರ ಬಾರದಿದ್ದರೆ ಈ ಸಲ ಬೇಡ. ನಿದ್ದೆಗೆಡಬೇಕು ಎಂಬ ನಿಯಮ ನಾನು ಎಲ್ಲೂ ನೋಡಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಬರೆದ ಕೋಡನ್ನು ಬೆಳಿಗ್ಗೆ ಎಂಟಕ್ಕೆ ಅಳಿಸುವವರೇ ಜಾಸ್ತಿ. ಪಾಳಿ ಹಾಕಿಕೊಂಡು ಮಲಗಲು ಹೇಳಿ. ಮುಗಿದ ಮೇಲೆ ಅವನನ್ನು ಕರೆತರಲು ನೀವೇ ಹೋಗಿ. ನಿದ್ದೆಗಣ್ಣಿನ ಗೆಳೆಯರ ಗಾಡಿ ಹತ್ತುವುದು ಬೇಡ.

ಪ್ರಶ್ನೆ: ಒಂದು ಕಡೆ ಸೋತ ಪ್ರಾಜೆಕ್ಟನ್ನು ಇನ್ನೊಂದು ಹ್ಯಾಕಥಾನ್‌ಗೆ ಹಾಕಬಹುದಾ?

ಉತ್ತರ: ಹಾಗೇ ಎತ್ತಿ ಹಾಕುವಂತಿಲ್ಲ. ಹ್ಯಾಕಥಾನ್ ಪ್ರಾಜೆಕ್ಟ್ ಸಲ್ಲಿಸುವ ಡೆವ್‌ಪೋಸ್ಟ್‌ನಂಥ ತಾಣಗಳಲ್ಲಿ ನಿಮ್ಮ ಹಳೇ ಸಲ್ಲಿಕೆ ಎಲ್ಲರಿಗೂ ಕಾಣುತ್ತಿರುತ್ತದೆ, ಹುಡುಕಲು ಅರ್ಧ ನಿಮಿಷ ಸಾಕು. ಹಳೆಯದರ ಮೇಲೆ ಕಟ್ಟಲು ಅವಕಾಶವಿದ್ದರೆ ರೀಡ್‌ಮಿಯಲ್ಲಿ ಒಂದು ಗೆರೆ ಎಳೆಯಿರಿ: ಇದರ ಮೇಲಿನದು ಹಳೆಯದು, ಕೆಳಗಿನದು ಈ ಸಲದ್ದು.

ಪ್ರಶ್ನೆ: ಸೋತ ಮೇಲೆ ತೀರ್ಪುಗಾರರನ್ನು ನಿಲ್ಲಿಸಿ ಯಾಕೆ ಎಂದು ಕೇಳಬಹುದಾ?

ಉತ್ತರ: ನಮ್ಮದರಲ್ಲಿ ಏನು ಕಡಿಮೆಯಿತ್ತು ಎಂದು ಕೇಳಿ, ಸಂತೋಷದಿಂದ ಹೇಳುತ್ತೇವೆ. ಅವರಿಗೆ ಯಾಕೆ ಕೊಟ್ಟಿರಿ ಎಂದರೆ ಉತ್ತರ ಸಿಗುವುದಿಲ್ಲ. ಫಲಿತಾಂಶದಲ್ಲೇ ನಿಯಮ ಮೀರಿದ್ದಾರೆ ಎನ್ನಿಸಿದರೆ ಯಾವ ನಿಯಮ, ಎಲ್ಲಿ ಮೀರಿದರು ಎಂದು ಅದೇ ದಿನ ಸಂಘಟಕರಿಗೆ ಬರೆದುಕೊಡಿ. ಆಕ್ಷೇಪಣೆಗೆ ಕೆಲವು ಕಡೆ ಬಹಳ ಕಡಿಮೆ ಸಮಯವಿರುತ್ತದೆ. ಮತ್ತೆ ದಯವಿಟ್ಟು ಪಾರ್ಕಿಂಗ್‌ನಲ್ಲಿ ಹಿಡಿಯಬೇಡಿ. ಆ ಹೊತ್ತಿಗೆ ನಮಗೂ ನಿದ್ದೆ ಬರುತ್ತಿರುತ್ತದೆ.